ಅಪ್ಪ ಕೊಟ್ಟ ಹುಟ್ಟು



ಹೊಳೆ ದಾಟಿಸುವ ಅಂಬಿಗನನ್ನು ನೀವು ನೋಡಿರುತ್ತೀರಿ. ಕೈಯಲ್ಲಿ ಉದ್ದನೆಯ ಬಿದಿರ ಗಳು. ಅದನ್ನು ತಳಕ್ಕೆ ಊರಿ ತಳ್ಳುತ್ತಾ, ಎದುರಿನ ದಡವನ್ನೇ ನೋಡುತ್ತಾ ಅವನು ಸಾಗುತ್ತಾನೆ. ಎಲ್ಲಿ ಬಂಡೆಯಿದೆ, ಎಲ್ಲಿ ಸುಳಿಯಿದೆ ಎಂಬುದು ಅವನ ಕಣ್ಣಿಗೆ ಬೀಳುತ್ತದೆ. ಆದರೆ ಒಲಿಂಪಿಕ್ ಕ್ರೀಡಾಕೂಟದಲ್ಲಿ ನಡೆಯುವ ರೋಯಿಂಗ್ ಸ್ಪರ್ಧೆಯ ದೋಣಿಯಲ್ಲಿ ಹಾಗಲ್ಲ. ಅಲ್ಲಿ ಹುಟ್ಟು ಹಾಕುವವನು ಗುರಿಗೆ ಬೆನ್ನು ತಿರುಗಿಸಿ ಕುಳಿತಿರುತ್ತಾನೆ. ಅವನಿಗೆ ಕಾಣುವುದು ತಾನು ಬಿಟ್ಟುಬಂದ ನೀರು, ತಾನು ಹಿಂದೆ ಹಾಕಿದ ಎದುರಾಳಿ. ಮುಂದೆ ಹೋದವನು ಅವನಿಗೆ ಕಾಣುವುದಿಲ್ಲ. ಗುರಿಯೂ ಕಾಣುವುದಿಲ್ಲ. ಆಗಾಗ ಕತ್ತು ತಿರುಗಿಸಿ ನೋಡಬಹುದು, ಅಷ್ಟೆ.

ಈ ಸ್ಪರ್ಧೆಗಳಲ್ಲಿ ಅತ್ಯಂತ ಕಠಿಣವಾದದ್ದು 'ಸಿಂಗಲ್ ಸ್ಕಲ್ಸ್'. ಸುಮಾರು 8 ಮೀಟರ್ ಉದ್ದದ, ಒಂದು ಮೊಳದಷ್ಟೂ ಅಗಲವಿಲ್ಲದ ದೋಣಿ. ಅದರಲ್ಲಿ ಒಬ್ಬನೇ ಆಳು, ಎರಡು ಹುಟ್ಟು. ಒಲಿಂಪಿಕ್ಸ್‌ನಲ್ಲಿ ಕ್ರಮಿಸಬೇಕಾದ ದೂರ 2,000 ಮೀಟರ್. ಏಳು ನಿಮಿಷಗಳ ಆಸುಪಾಸಿನ ಕೆಲಸ. ಆದರೆ ಆ ಏಳು ನಿಮಿಷಕ್ಕಾಗಿ ಹತ್ತಾರು ವರ್ಷ ಮುಂಜಾವದ ಚಳಿಯಲ್ಲಿ ನೀರಿಗಿಳಿಯಬೇಕು. ಅಂಗೈಯ ಬೊಬ್ಬೆಗಳು ಒಡೆದು ಗಟ್ಟಿಯಾಗಬೇಕು. ಜೊತೆಯಲ್ಲಿ ಯಾರೂ ಇಲ್ಲ. ಸೋತರೆ ಹಂಚಿಕೊಳ್ಳುವವರೂ ಇಲ್ಲ.

ಇಂಥ ದೋಣಿಯಲ್ಲಿ ಕುಳಿತ ತಂದೆ-ಮಗನ ಕಥೆಯೊಂದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ಕಥೆಗಿಂತ ಹೆಚ್ಚಾಗಿ ಅದರೊಳಗಿರುವ ಪ್ರಶ್ನೆ ಮುಖ್ಯ. ತಂದೆಗಾದ ಅವಮಾನವನ್ನು ಮಗ ತೀರಿಸಬಲ್ಲನೇ? ತೀರಿಸಬಲ್ಲನಾದರೂ, ಅದನ್ನು ಅವನಿಂದ ಕೇಳುವ ಹಕ್ಕು ತಂದೆಗಿದೆಯೇ?

ಗಾರೆ ಕೆಲಸದವನ ಕೈ

ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ, ಐರ್ಲೆಂಡಿನಿಂದ ವಲಸೆ ಬಂದ ಒಂದು ಕಥೋಲಿಕ ಕುಟುಂಬವಿತ್ತು. ಹತ್ತು ಮಕ್ಕಳ ಸಂಸಾರ. ಆ ಹತ್ತರಲ್ಲಿ ಒಬ್ಬ, 1889ರಲ್ಲಿ ಹುಟ್ಟಿದ ಜಾನ್ ಕೆಲ್ಲಿ. ಎಲ್ಲರೂ ಅವನನ್ನು ಜ್ಯಾಕ್ ಎಂದೇ ಕರೆಯುತ್ತಿದ್ದರು. ಜ್ಯಾಕ್ ಗಾರೆ ಕೆಲಸ ಕಲಿತ. ಹಗಲು ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುವುದು, ಬಿಡುವು ಸಿಕ್ಕಾಗ ಊರಿನ ಸ್ಕೂಲ್‌ಕಿಲ್ ನದಿಯಲ್ಲಿ ಹುಟ್ಟು ಹಾಕುವುದು. ಅಲ್ಲಿನ 'ವೆಸ್ಪರ್' ಎಂಬ ದೋಣಿ ಕ್ಲಬ್ಬಿನ ಸದಸ್ಯನಾಗಿ, ಅಮೆರಿಕದಲ್ಲಿ ಅವನಿಗೆ ಸರಿಸಾಟಿ ಇಲ್ಲವೆನ್ನುವ ಮಟ್ಟಕ್ಕೆ ಬೆಳೆದ.

ಅಂದಿನ ದೋಣಿಗಾರರಿಗೆಲ್ಲ ಒಂದು ಕನಸಿತ್ತು. ಇಂಗ್ಲೆಂಡಿನ ಥೇಮ್ಸ್ ನದಿಯ ದಂಡೆಯ ಹೆನ್ಲಿ ಎಂಬ ಊರಿನಲ್ಲಿ 1839ರಿಂದ ನಡೆದುಬಂದಿರುವ ಸ್ಪರ್ಧಾಕೂಟ ಅದು. ಅಲ್ಲಿ ಒಬ್ಬೊಬ್ಬರೇ ಸ್ಪರ್ಧಿಸುವ 'ಡೈಮಂಡ್ ಸ್ಕಲ್ಸ್' ಪ್ರಶಸ್ತಿಯನ್ನು ಗೆದ್ದವನು ಲೋಕದ ಕಣ್ಣಿಗೆ ದೊಡ್ಡವನು. 1920ರಲ್ಲಿ ಜ್ಯಾಕ್ ಅದಕ್ಕೆ ಹೆಸರು ಕೊಟ್ಟ. ಇಂಗ್ಲೆಂಡಿಗೆ ಹೊರಡುವ ಸಿದ್ಧತೆಯಲ್ಲಿದ್ದಾಗ ಸುದ್ದಿ ಬಂತು: ಆತನ ಹೆಸರನ್ನು ಸ್ವೀಕರಿಸಲಾಗಿಲ್ಲ.

ಯಾಕೆ? ಹೆನ್ಲಿಯ ಆಡಳಿತದವರಿಗೆ ಎರಡು ಕಾರಣಗಳಿದ್ದವು. ಮೊದಲನೆಯದು ಕ್ಲಬ್ಬಿನದ್ದು. 1905ರಲ್ಲಿ ಹೆನ್ಲಿಗೆ ಬಂದಿದ್ದ ವೆಸ್ಪರ್ ತಂಡ ಜನರಿಂದ ಚಂದಾ ಎತ್ತಿ ಖರ್ಚು ತೂಗಿಸಿಕೊಂಡಿತ್ತು. ಅದು ಹವ್ಯಾಸಿ ಆಟಗಾರರಿಗೆ ಸಲ್ಲದು ಎಂದು ಆ ಕ್ಲಬ್ಬನ್ನೇ ಹೊರಗಿಟ್ಟಿದ್ದರು. ಎರಡನೆಯದು ಜ್ಯಾಕ್‌ನದ್ದೇ. ಅಂದಿನ ಹೆನ್ಲಿ ನಿಯಮದ ಪ್ರಕಾರ, ಕೂಲಿಗಾಗಿ ಮೈಮುರಿದು ದುಡಿದವನು, ಕೈಕಸುಬಿನವನು ಹವ್ಯಾಸಿ ಆಟಗಾರನಲ್ಲ! ಇಟ್ಟಿಗೆ ಹೊತ್ತು ತೋಳು ಗಟ್ಟಿ ಮಾಡಿಕೊಂಡವನು, ಕುಳಿತುಣ್ಣುವ ಮನೆತನದವರ ಜೊತೆ ಸ್ಪರ್ಧಿಸುವುದು ನ್ಯಾಯವಲ್ಲ ಎಂಬುದು ಅದರ ಹಿಂದಿನ ತರ್ಕ. ತರ್ಕ ಏನೇ ಇರಲಿ, ಅದರ ಅರ್ಥ ಒಂದೇ: ದುಡಿಯುವ ಕೈ ಕೀಳು.

ಓದುಗರೇ, ಇದು ಸಣ್ಣ ಗಾಯವಲ್ಲ. ನೀನು ಸೋತೆ ಎಂದರೆ ಮನುಷ್ಯ ತಡೆದುಕೊಳ್ಳಬಲ್ಲ. ನೀನು ನಮ್ಮ ಜೊತೆ ಸೋಲುವುದಕ್ಕೂ ಯೋಗ್ಯನಲ್ಲ ಎಂದರೆ?

ಜ್ಯಾಕ್ ಉತ್ತರ ಕೊಟ್ಟ. ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಒಲಿಂಪಿಕ್ಸ್ ನಡೆಯಿತು. ದೋಣಿ ಸ್ಪರ್ಧೆಗಳು ಬ್ರಸೆಲ್ಸ್ ಬಳಿಯ ಕಾಲುವೆಯೊಂದರಲ್ಲಿ. ಅಂತಿಮ ಸ್ಪರ್ಧೆಯಲ್ಲಿ ಎದುರಾದವನು ಇಂಗ್ಲೆಂಡಿನ ಜ್ಯಾಕ್ ಬೆರೆಸ್‌ಫೋರ್ಡ್. ಆ ವರ್ಷ ಹೆನ್ಲಿಯಲ್ಲಿ ಡೈಮಂಡ್ ಸ್ಕಲ್ಸ್ ಗೆದ್ದಿದ್ದವನೇ ಆತ. ಕೆಲ್ಲಿ 7 ನಿಮಿಷ 35 ಸೆಕೆಂಡಿನಲ್ಲಿ ಗುರಿ ಮುಟ್ಟಿದ. ಬೆರೆಸ್‌ಫೋರ್ಡ್ ಒಂದು ಸೆಕೆಂಡ್ ಹಿಂದೆ. ಅರ್ಧ ಗಂಟೆ ಕಳೆಯುವುದರೊಳಗೆ ಕೆಲ್ಲಿ ಮತ್ತೆ ದೋಣಿ ಹತ್ತಿದ. ನೆಂಟ ಪಾಲ್ ಕಾಸ್ಟೆಲ್ಲೊ ಜೊತೆ ಇಬ್ಬರ ಸ್ಪರ್ಧೆಯಲ್ಲೂ ಚಿನ್ನ ಗೆದ್ದ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅದೇ ಜೋಡಿ ಮತ್ತೊಮ್ಮೆ ಗೆದ್ದಿತು. ಬೆವರಿನಿಂದ ನೆನೆದ ತನ್ನ ಹಸಿರು ಟೋಪಿಯನ್ನು ಜ್ಯಾಕ್ ಇಂಗ್ಲೆಂಡಿನ ದೊರೆಗೆ ಅಂಚೆಯಲ್ಲಿ ಕಳುಹಿಸಿದನೆಂಬ ಕಥೆ ಜನರ ಬಾಯಲ್ಲಿ ಉಳಿದುಬಂದಿದೆ.

ಇಲ್ಲಿಗೆ ಲೆಕ್ಕ ಮುಗಿಯಬೇಕಿತ್ತಲ್ಲವೇ? ಹೆನ್ಲಿಯ ವೀರನನ್ನೇ ಲೋಕದ ಮುಂದೆ ಸೋಲಿಸಿಯಾಗಿತ್ತು. ಕೊರಳಲ್ಲಿ ಮೂರು ಚಿನ್ನದ ಪದಕ. ಗಾರೆ ಕೆಲಸದವ ಮುಂದೆ ಇಟ್ಟಿಗೆ ಕಟ್ಟಡಗಳ ದೊಡ್ಡ ಗುತ್ತಿಗೆದಾರನಾದ, ಶ್ರೀಮಂತನಾದ, ಊರಿಗೇ ಬೇಕಾದವನಾದ. ಆದರೆ ಕೆಲವು ಲೆಕ್ಕಗಳು ಮನಸ್ಸಿನ ಪುಸ್ತಕದಲ್ಲಿ ಮುಗಿಯುವುದೇ ಇಲ್ಲ.

ಇಪ್ಪತ್ತೇಳು ವರ್ಷಗಳ ನಂತರ

1924ರಲ್ಲಿ ಜ್ಯಾಕ್ ಮದುವೆಯಾದ. ಪತ್ನಿ ಮಾರ್ಗರೆಟ್ ವ್ಯಾಯಾಮ ಶಿಕ್ಷಕಿ. ನಾಲ್ವರು ಮಕ್ಕಳು, ಮೂವರು ಹೆಣ್ಣು, ಒಬ್ಬನೇ ಗಂಡು. 1927ರಲ್ಲಿ ಹುಟ್ಟಿದ ಆ ಮಗನಿಗೂ ತಂದೆಯ ಹೆಸರನ್ನೇ ಇಟ್ಟರು: ಜಾನ್ ಕೆಲ್ಲಿ. ಮನೆಯವರಿಗೆ, ಗೆಳೆಯರಿಗೆ ಅವನು 'ಕೆಲ್'. ಚಿಕ್ಕಂದಿನಲ್ಲೇ ಅವನ ಕೈಗೆ ಹುಟ್ಟು ಬಂತು. ಕಲಿಸುವವನು ತಂದೆಯೇ. ನದಿ ಅದೇ, ಕ್ಲಬ್ ಅದೇ.

ನಮ್ಮ ಕನ್ನಡದಲ್ಲಿ ಹುಟ್ಟು ಎಂಬ ಮಾತಿಗೆ ಎರಡು ಅರ್ಥ. ಒಂದು ಜನನ, ಇನ್ನೊಂದು ದೋಣಿ ನಡೆಸುವ ಸಾಧನ. ಕೆಲ್‌ನ ಪಾಲಿಗೆ ಎರಡೂ ಒಟ್ಟಿಗೇ ಬಂದವು. ಅವನು ಹುಟ್ಟಿದ್ದೇ ಹೆನ್ಲಿಗಾಗಿ ಎಂಬಂತೆ ಬೆಳೆದ.

1946ರಲ್ಲಿ, 19ನೆಯ ವಯಸ್ಸಿನಲ್ಲಿ, ಮೊದಲ ಬಾರಿ ಹೆನ್ಲಿಯ ಅಂತಿಮ ಸ್ಪರ್ಧೆಗೆ ಬಂದ. ಫ್ರಾನ್ಸಿನ ಸ್ಪರ್ಧಿಯ ಎದುರು ಸೋತ. ಮರಳಿ ಬಂದು ಮತ್ತೆ ಒಂದು ವರ್ಷ ಸ್ಕೂಲ್‌ಕಿಲ್ ನದಿಯಲ್ಲಿ ಬೆವರು ಸುರಿಸಿದ. 1947ರಲ್ಲಿ ಮತ್ತೆ ಹೋಗಿ ಡೈಮಂಡ್ ಸ್ಕಲ್ಸ್ ಗೆದ್ದ. ತಂದೆಯನ್ನು ಹೊರಗಿಟ್ಟ ನೀರಿನಲ್ಲೇ ಅದೇ ಹೆಸರಿನ ಮಗ ಗೆದ್ದದ್ದನ್ನು ಪತ್ರಿಕೆಗಳು ದೊಡ್ಡ ಸೇಡಿನ ಕಥೆಯಾಗಿ ಕೊಂಡಾಡಿದವು. ಆ ವರ್ಷ ಅಮೆರಿಕದ ಅತ್ಯುತ್ತಮ ಹವ್ಯಾಸಿ ಕ್ರೀಡಾಪಟುವಿಗೆ ಸಲ್ಲುವ ಸಲ್ಲಿವನ್ ಪ್ರಶಸ್ತಿಯೂ ಅವನಿಗೇ ಬಂತು. 1949ರಲ್ಲಿ ಎರಡನೆಯ ಬಾರಿ ಹೆನ್ಲಿಯಲ್ಲಿ ಗೆದ್ದ.

ಓದುವುದಕ್ಕೆ ಎಷ್ಟು ಚೆನ್ನಾಗಿದೆ! ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಒಂದು ಸಣ್ಣ ಸಂಗತಿಯನ್ನು ನಾವು ಮರೆಯುತ್ತೇವೆ. 1936ರಲ್ಲಿ ಆಸ್ಟ್ರೇಲಿಯದ ಒಲಿಂಪಿಕ್ ತಂಡದ ಎಂಟು ಮಂದಿ ಹೆನ್ಲಿಗೆ ಬಂದಿದ್ದರು. ಅವರು ಪೊಲೀಸರು. ಪೊಲೀಸ್ ಕೆಲಸವೂ ಮೈಮುರಿಯುವ ದುಡಿಮೆಯೇ ಎಂದು ಅವರಿಗೂ ಬಾಗಿಲು ಮುಚ್ಚಲಾಯಿತು. ಈ ಸಲ ಗದ್ದಲವೆದ್ದಿತು. ಮರುವರ್ಷ, 1937ರಲ್ಲಿ, ಆ ನಿಯಮವನ್ನೇ ತೆಗೆದುಹಾಕಿದರು.

ಅಂದರೆ ಕೆಲ್ ಗೆಲ್ಲುವುದಕ್ಕೆ ಹತ್ತು ವರ್ಷ ಮೊದಲೇ ಆ ಅನ್ಯಾಯ ಕೊನೆಗೊಂಡಿತ್ತು! ದುಡಿಯುವ ಕೈ ಕೀಳೆನ್ನುವ ಮಾತು ಪುಸ್ತಕದಿಂದ ಅಳಿಸಿಹೋಗಿತ್ತು. ಅದನ್ನು ಅಳಿಸಿದ್ದು ಯಾರ ಪದಕವೂ ಅಲ್ಲ. ತಪ್ಪನ್ನು ತಪ್ಪೆಂದು ಒಪ್ಪಿಕೊಂಡು ನಿಯಮ ತಿದ್ದಿದ್ದು. ಅಷ್ಟೇ ಅಲ್ಲ, 1947ರಲ್ಲಿ ಹೆನ್ಲಿಯ ನೀರಿಗಿಳಿದ ಕೆಲ್ ಗಾರೆ ಕೆಲಸದವನಾಗಿರಲಿಲ್ಲ. ಅವನು ಸಿರಿವಂತ ಗುತ್ತಿಗೆದಾರನ ಮಗ, ವಿಶ್ವವಿದ್ಯಾಲಯದ ವಿದ್ಯಾರ್ಥಿ. ಹಳೆಯ ನಿಯಮ ಇದ್ದಿದ್ದರೂ ಅದು ಅವನ ಕೈಯನ್ನು ತಡೆಯುತ್ತಿರಲಿಲ್ಲ.

ಹಾಗಾದರೆ ಅವನು ತೀರಿಸಿದ್ದು ಯಾವ ಸಾಲವನ್ನು? ಇಂಗ್ಲೆಂಡಿನವರು ಕೊಡಬೇಕಿದ್ದ ಸಾಲವನ್ನಲ್ಲ. ತಂದೆಯ ಎದೆಯೊಳಗೆ ಉಳಿದುಕೊಂಡಿದ್ದ ಒಂದು ಮುಳ್ಳನ್ನು ಕೀಳಲು ಹೋದ, ಅಷ್ಟೆ.

ಗೆದ್ದ ಮೇಲೆ

ಮುಳ್ಳು ಹೋಯಿತೇ? ಮುಂದಿನ ಕಥೆ ಕೇಳಿ.

ಹೆನ್ಲಿ ಗೆದ್ದದ್ದಾಯಿತು. ಆದರೆ ಮನೆಯಲ್ಲಿ ತಂದೆಯ ಒಲಿಂಪಿಕ್ ಚಿನ್ನಗಳಿದ್ದವಲ್ಲ! 1948ರಲ್ಲಿ ಒಲಿಂಪಿಕ್ಸ್ ಲಂಡನ್ನಿನಲ್ಲಿ ನಡೆಯಿತು. ದೋಣಿ ಸ್ಪರ್ಧೆಗಳು ಹೆನ್ಲಿಯಲ್ಲೇ. ಹಿಂದಿನ ವರ್ಷವಷ್ಟೇ ತಾನು ಗೆದ್ದಿದ್ದ ನೀರಿನಲ್ಲಿ ಕೆಲ್, ಉರುಗ್ವೆ ದೇಶದ ಎಡುವಾರ್ಡೊ ರಿಸ್ಸೊ ಎಂಬುವನ ಎದುರು ಕೂದಲೆಳೆಯಲ್ಲಿ ಸೋತು ಅಂತಿಮ ಸುತ್ತಿಗೆ ಬರಲಿಲ್ಲ. ನಾಲ್ಕು ವರ್ಷ ಕಾದ. 1952ರಲ್ಲಿ ಹೆಲ್ಸಿಂಕಿ, ಅಲ್ಲಿಯೂ ಅಂತಿಮ ಸುತ್ತು ತಪ್ಪಿತು. ಮತ್ತೆ ನಾಲ್ಕು ವರ್ಷ. 1956ರ ಮೆಲ್ಬರ್ನ್ ಒಲಿಂಪಿಕ್ಸ್ ವೇಳೆಗೆ ಅವನಿಗೆ 29 ವರ್ಷ. ಬಲ್ಲರಾಟ್ ಎಂಬ ಊರಿನ ಸರೋವರದಲ್ಲಿ ಅಂತಿಮ ಸ್ಪರ್ಧೆ. ಗೆದ್ದವನು 18 ವರ್ಷದ ಸೋವಿಯತ್ ಹುಡುಗ ವ್ಯಾಚೆಸ್ಲಾವ್ ಇವಾನೊವ್. ಎರಡನೆಯವನು ಆಸ್ಟ್ರೇಲಿಯದ ಸ್ಟುವರ್ಟ್ ಮೆಕೆಂಜಿ. ಕೆಲ್ ಮೂರನೆಯವನು. ಕಂಚು.

ಆ ದಿನದ ಒಂದು ಘಟನೆ ಮನಸ್ಸಿನಲ್ಲಿ ನಿಲ್ಲುತ್ತದೆ. ಗೆದ್ದ ಇವಾನೊವ್ ಸಂತೋಷದಿಂದ ಕುಣಿದಾಗ ಚಿನ್ನದ ಪದಕ ಕೈಜಾರಿ ಸರೋವರಕ್ಕೆ ಬಿತ್ತು. ಮುಳುಗಿ ಹುಡುಕಿದರೂ ಸಿಗಲಿಲ್ಲ. ಬಳಿಕ ಅವನಿಗೆ ಬದಲಿ ಪದಕ ಕೊಟ್ಟರು. ಯಾವುದಕ್ಕಾಗಿ ಕೆಲ್ ಹತ್ತು ವರ್ಷ ನಿದ್ದೆ ಬಿಟ್ಟಿದ್ದನೋ ಅದು ಇನ್ನೊಬ್ಬನ ಕೈಗೆ ಬಂದ ಕೂಡಲೇ ಕೆಸರಿನ ಪಾಲಾಗಿತ್ತು! ಲೋಕದ ಚಿನ್ನದ ತೂಕ ಇಷ್ಟೇ.

ಕೆಲ್ ತನ್ನ ಕಂಚಿನ ಪದಕವನ್ನು ತಂಗಿಗೆ ಮದುವೆಯ ಉಡುಗೊರೆಯಾಗಿ ಕೊಟ್ಟನೆಂದು ಹೇಳುತ್ತಾರೆ. ಆ ತಂಗಿ ಯಾರೆಂದು ನಿಮಗೆ ಹೊಳೆದಿರಬೇಕು. ಈಸ್ಟ್ ಫಾಲ್ಸ್ ಬಡಾವಣೆಯ ಸಂತ ಬ್ರಿಜಿಡರ ದೇವಾಲಯದಲ್ಲಿ ದೀಕ್ಷಾಸ್ನಾನ ಪಡೆದು, ಚಲನಚಿತ್ರ ತಾರೆಯಾಗಿ, 1956ರ ಏಪ್ರಿಲ್‌ನಲ್ಲಿ ಮೊನಾಕೊದ ಸಂತ ನಿಕೊಲಾಸರ ಪ್ರಧಾನಾಲಯದಲ್ಲಿ ರಾಜಕುಮಾರ ರೇನಿಯರ್‌ನನ್ನು ವರಿಸಿದ ಗ್ರೇಸ್ ಕೆಲ್ಲಿ.

ಗ್ರೇಸ್‌ಳ ಪ್ರಸ್ತಾಪ ಇಲ್ಲಿ ಸುಮ್ಮನೆ ಬಂದದ್ದಲ್ಲ. ತಂದೆಯ ಕಣ್ಣು ಮಗನ ದೋಣಿಯ ಮೇಲೆ ನೆಟ್ಟಿದ್ದಾಗ ಈ ಹುಡುಗಿ, ಆಟೋಟಗಳಲ್ಲಿ ಮುಂದಿಲ್ಲದವಳು, ತನ್ನಷ್ಟಕ್ಕೆ ನಾಟಕ, ಅಭಿನಯ ಎಂದು ಬೇರೆ ದಾರಿ ಹಿಡಿದಳು. 1955ರಲ್ಲಿ ಅವಳಿಗೆ ಆಸ್ಕರ್ ಪ್ರಶಸ್ತಿ ಬಂದಾಗ ತಂದೆಗೆ ಅಚ್ಚರಿ. ತಾನು ಹೆಚ್ಚು ಭರವಸೆ ಇಟ್ಟುಕೊಂಡಿದ್ದು ಹಿರಿಯ ಮಗಳು ಪೆಗ್ಗಿಯ ಮೇಲೆ ಎಂಬ ಅರ್ಥದ ಮಾತನ್ನು ಅವನು ಆಡಿದ್ದುಂಟು. ಅವನು ಕೆಟ್ಟ ತಂದೆಯಲ್ಲ. ಮಕ್ಕಳಿಗಾಗಿ ತನ್ನ ಇಟ್ಟಿಗೆಗಳಿಂದಲೇ ಮನೆ ಕಟ್ಟಿದವನು. ಆದರೆ ಹಿಂದಕ್ಕೆ ಮುಖ ಮಾಡಿ ಕುಳಿತವನಿಗೆ ಮುಂದೆ ಹೋಗುತ್ತಿರುವ ದೋಣಿ ಕಾಣುವುದಿಲ್ಲ ಎಂದು ಆಗಲೇ ಹೇಳಿದೆನಲ್ಲ?

ಕೋಪವೂ ಆಸ್ತಿಯೇ?

ಈಗ ನಮ್ಮ ಪ್ರಶ್ನೆಗೆ ಬರೋಣ. ನಿಮ್ಮಲ್ಲಿ ಕೆಲವರು ಕೇಳಬಹುದು: ತಂದೆಯ ಕನಸನ್ನು ಮಗ ನನಸು ಮಾಡುವುದು ತಪ್ಪೇ? ತಂದೆತಾಯಿಯ ಋಣ ತೀರಿಸಬೇಕೆಂದೇ ಅಲ್ಲವೇ ನಮ್ಮ ಹಿರಿಯರು ಕಲಿಸಿದ್ದು? ಛಲ ಇಲ್ಲದೆ ಯಾರಾದರೂ ಮೇಲೆ ಬಂದದ್ದುಂಟೇ?

ಈ ಪ್ರಶ್ನೆಗಳನ್ನು ತಳ್ಳಿಹಾಕಲಾಗದು. ತಂದೆ ಮಗನಿಗೆ ಕೊಡಬಹುದಾದ ವಸ್ತುಗಳು ಮೂರು: ಕಸುಬು, ಕನಸು, ಕಹಿ. ಕಸುಬನ್ನು ಧಾರಾಳವಾಗಿ ಕೊಡಬೇಕು. ಜ್ಯಾಕ್ ತನ್ನ ಮಗನಿಗೆ ನೀರನ್ನು ಓದುವುದನ್ನು ಕಲಿಸಿದ, ಹುಟ್ಟು ಹಿಡಿಯುವುದನ್ನು ಕಲಿಸಿದ, ಸೋತ ಮರುದಿನ ಮತ್ತೆ ನೀರಿಗಿಳಿಯುವುದನ್ನು ಕಲಿಸಿದ. ಇವು ಎಲ್ಲ ತಂದೆಯರೂ ಕೊಡಲಾಗದ ದೊಡ್ಡ ಆಸ್ತಿ. ಕನಸನ್ನು ಹೇಳಬಹುದು, ಒಪ್ಪುವುದು ಬಿಡುವುದು ಮಗನಿಗೆ ಸೇರಿದ್ದು. ಆದರೆ ಕಹಿ? ತನಗಾದ ಅವಮಾನದ ಉರಿ? ಅದನ್ನು ಕೊಟ್ಟಾಗ ಏನಾಗುತ್ತದೆ ಎಂಬುದನ್ನು ಸ್ವಲ್ಪ ಯೋಚಿಸಬೇಕು.

ನನಗೆ ಯಾರಾದರೂ ಅನ್ಯಾಯ ಮಾಡಿದರೆ ಅವರನ್ನು ಕ್ಷಮಿಸುವ ಅಧಿಕಾರ ನನ್ನ ಕೈಯಲ್ಲಿರುತ್ತದೆ. ಕ್ಷಮಿಸುವುದು ಕಷ್ಟ ಇರಬಹುದು, ವರ್ಷಗಳೇ ಹಿಡಿಯಬಹುದು. ಆದರೂ ಕೀಲಿಕೈ ನನ್ನ ಬಳಿಯೇ ಇದೆ. ಅದೇ ಕೋಪವನ್ನು ನನ್ನ ಮಗನಿಗೆ ದಾಟಿಸಿದೆನೆನ್ನಿ. ಉರಿ ಅವನಿಗೆ ಹೋಗುತ್ತದೆ, ಕೀಲಿಕೈ ಹೋಗುವುದಿಲ್ಲ! ತನಗಾಗದ ಗಾಯವನ್ನು ಅವನು ಹೇಗೆ ಕ್ಷಮಿಸಿಯಾನು? ಕ್ಷಮಿಸಿದರೆ ಅಪ್ಪನಿಗೆ ದ್ರೋಹ ಮಾಡಿದಂತೆ. ಕ್ಷಮಿಸದಿದ್ದರೆ ತಾನು ಕಾಣದ ಊರಿನ, ತಾನು ಕಾಣದ ಜನರ ಮೇಲೆ ಜೀವಮಾನವಿಡೀ ಹಗೆ. ಗೆದ್ದರೂ ಆ ಹಗೆ ತೀರುವುದಿಲ್ಲ, ಏಕೆಂದರೆ ಗೆದ್ದವನು ಬೇರೆ, ನೊಂದವನು ಬೇರೆ. ಮಗನ ಕೊರಳಿಗೆ ಹಾಕಿದ ಹಾರ ಅಪ್ಪನ ಗಾಯಕ್ಕೆ ಮುಲಾಮಾಗದು. ಪ್ರಭು ನಮಗೆ ಕಲಿಸಿದ ಪ್ರಾರ್ಥನೆಯಲ್ಲಿ ದಿನವೂ ಕ್ಷಮೆಯ ಮಾತನ್ನು ಆಡುತ್ತೇವಲ್ಲ? ಅಲ್ಲಿ ನಾವು ಕ್ಷಮಿಸಬೇಕಾದದ್ದು ನಮಗಾದ ತಪ್ಪನ್ನು. ಅದನ್ನು ನಮ್ಮ ಮಕ್ಕಳ ಪಾಲಿಗೆ ಮುಂದೂಡುವ ಮಾತು ಅಲ್ಲಿಲ್ಲ.

ಹಾಗೆಂದು ಅನ್ಯಾಯವನ್ನು ನುಂಗಿಕೊಂಡು ಸುಮ್ಮನಿರಬೇಕೆಂದು ನಾನು ಹೇಳುತ್ತಿಲ್ಲ. ದುಡಿಯುವ ಕೈಯನ್ನು ಕೀಳೆಂದ ನಿಯಮದ ವಿರುದ್ಧ ದನಿಯೆತ್ತಬೇಕಿತ್ತು. ಅದು ಜ್ಯಾಕ್‌ಗೂ ಒಳಿತು, ಆಸ್ಟ್ರೇಲಿಯದ ಪೊಲೀಸರಿಗೂ ಒಳಿತು, ಮುಂದೆ ಬರುವ ಬಡವನ ಮಗನಿಗೂ ಒಳಿತು. ನ್ಯಾಯ ಕೇಳುವುದೆಂದರೆ ಬಾಗಿಲನ್ನು ಎಲ್ಲರಿಗೂ ತೆರೆಯಿರಿ ಎಂದು ಕೇಳುವುದು. ಸೇಡು ಕೇಳುವುದೆಂದರೆ ಒಬ್ಬನನ್ನು ಕೆಡವಿ ತಾನು ಒಳಗೆ ನುಗ್ಗುವುದು. ಎರಡೂ ಹೊರನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಮಕ್ಕಳನ್ನು ಬೆಳೆಸುವಾಗ ಇವುಗಳ ವ್ಯತ್ಯಾಸ ನಮಗೆ ತಿಳಿದಿರಬೇಕು.

ಅವನೇಕೆ ನಿಲ್ಲಿಸಲಿಲ್ಲ?

ಇಲ್ಲಿಗೆ ನಿಲ್ಲಿಸಿದರೆ ಕೆಲ್‌ಗೆ ಅನ್ಯಾಯ ಮಾಡಿದಂತಾಗುತ್ತದೆ. ಅವನನ್ನು ಅಪ್ಪನ ಕೈಗೊಂಬೆಯೆಂದು ಕರೆದು ಮರುಕಪಡುವುದು ಸುಲಭ. ಅವನ ಬದುಕು ಅಷ್ಟು ಸರಳವಲ್ಲ.

1960ರ ಜೂನ್‌ನಲ್ಲಿ ತಂದೆ ತೀರಿಕೊಂಡ. ಅದೇ ವರ್ಷ ರೋಮ್ ಒಲಿಂಪಿಕ್ಸ್‌ನಲ್ಲಿ ಕೆಲ್ ಇಬ್ಬರ ದೋಣಿಯಲ್ಲಿ ಸ್ಪರ್ಧಿಸಿದ. ಅದು ಅವನ ನಾಲ್ಕನೆಯ ಒಲಿಂಪಿಕ್ಸ್. ಪದಕ ಬರಲಿಲ್ಲ. ಮೆಚ್ಚಿಸಬೇಕಾದ ತಂದೆ ಇಲ್ಲ, ತೀರಿಸಬೇಕಾದ ಸಾಲವಿಲ್ಲ. ಈಗಲಾದರೂ ಹುಟ್ಟನ್ನು ಕೆಳಗಿಡಬಹುದಿತ್ತು. ಅವನು ಇಡಲಿಲ್ಲ. ಬದಲಿಗೆ, ಅದೇ ವೆಸ್ಪರ್ ಕ್ಲಬ್ಬಿನಲ್ಲಿ ಎಂಟು ಮಂದಿಯ ತಂಡವೊಂದನ್ನು ಕಟ್ಟುವುದಕ್ಕೆ ಬೆನ್ನೆಲುಬಾಗಿ ನಿಂತ. ಅವರಿಗೆ ದಿಕ್ಕು ಹೇಳುವ ಚುಕ್ಕಾಣಿಗ, 1956ರ ಬಳಿಕ ಹಂಗರಿ ದೇಶವನ್ನು ತೊರೆದು ಬಂದಿದ್ದ 46 ವರ್ಷದ ರಾಬರ್ಟ್ ಜಿಮೊನಿ. ಆ ತಂಡ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಕತ್ತಲು ಕವಿಯುತ್ತಿದ್ದಾಗ ನಡೆದ ಅಂತಿಮ ಸ್ಪರ್ಧೆಯಲ್ಲಿ, ಬಲಿಷ್ಠ ಜರ್ಮನರನ್ನು ಹಿಂದಿಕ್ಕಿ ಚಿನ್ನ ಗೆದ್ದಿತು.

ಕೆಲ್‌ಗೆ ಕೊನೆಗೂ ಸಿಗದ ಚಿನ್ನ ಅದು. ಆದರೆ ಆ ದೋಣಿಯಲ್ಲಿ ಅವನು ಇರಲಿಲ್ಲ. ಅವನ ಮಗನೂ ಇರಲಿಲ್ಲ. ಬೇರೆಯವರ ಮಕ್ಕಳಿದ್ದರು. ತನ್ನ ಸೋಲುಗಳ ಲೆಕ್ಕವನ್ನು ಅವರ ತಲೆಯ ಮೇಲೆ ಹೊರಿಸದೆ, ಅವರ ಗೆಲುವಿಗೆ ದಾರಿ ಮಾಡಿಕೊಟ್ಟ. ನನ್ನ ಮಟ್ಟಿಗೆ ಕೆಲ್‌ನ ಬದುಕಿನ ದೊಡ್ಡ ಗೆಲುವು 1947ರದ್ದಲ್ಲ, ಇದು.

ಅವನು ಸಂತನಾಗಿರಲಿಲ್ಲ. ಅವನ ದಾಂಪತ್ಯ ಮುರಿದುಬಿತ್ತು. ಆರು ಮಕ್ಕಳಿದ್ದ ಮನೆ ಅದು. ಅದಕ್ಕೆ ಯಾವುದು ಕಾರಣ, ಯಾವುದು ಅಲ್ಲ ಎಂದು ದೂರದಿಂದ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ದೋಣಿಯ ಮೇಲಿನ ಪ್ರೀತಿ ಮಾತ್ರ ಕೊನೆತನಕ ಉಳಿಯಿತು. 1985ರ ಫೆಬ್ರವರಿಯಲ್ಲಿ ಅಮೆರಿಕದ ಒಲಿಂಪಿಕ್ ಸಮಿತಿಗೆ ಅವನು ಅಧ್ಯಕ್ಷನಾದ. ಕೆಲವೇ ವಾರಗಳಲ್ಲಿ, ಮಾರ್ಚ್ 2ರ ಬೆಳಿಗ್ಗೆ, ಎಂದಿನಂತೆ ಸ್ಕೂಲ್‌ಕಿಲ್ ನದಿಯಲ್ಲಿ ಹುಟ್ಟು ಹಾಕಿ, ಓಡುತ್ತಾ ಮರಳುತ್ತಿದ್ದಾಗ ಹೃದಯಾಘಾತದಿಂದ ಕುಸಿದು ತೀರಿಕೊಂಡ. ವಯಸ್ಸು 57. ನದಿಯ ಪಕ್ಕದ ರಸ್ತೆಗೆ ಇಂದು ಅವನ ಹೆಸರಿದೆ.

ಆ ಕೊನೆಯ ಬೆಳಿಗ್ಗೆಯನ್ನು ನೆನೆಯಿರಿ. ಪ್ರೇಕ್ಷಕರಿಲ್ಲ, ಎದುರಾಳಿಯಿಲ್ಲ, ಪದಕವಿಲ್ಲ. ದಡದಲ್ಲಿ ನಿಂತು ನೋಡುವ ತಂದೆಯಿಲ್ಲ. ಆದರೂ ಒಬ್ಬ ಮನುಷ್ಯ ತಣ್ಣನೆಯ ನೀರಿಗೆ ದೋಣಿ ಇಳಿಸುತ್ತಾನೆ. ಆ ದಿನ ಅವನ ಕೈಯಲ್ಲಿದ್ದ ಹುಟ್ಟು ಅಪ್ಪನದ್ದಲ್ಲ, ಅವನದ್ದೇ. ಅಪ್ಪ ಕೊಟ್ಟ ಕಹಿ ಕರಗಿಹೋಗಿ, ಅಪ್ಪ ಕೊಟ್ಟ ಕಸುಬು ಉಳಿದಿತ್ತು.

ನಮ್ಮ ಮನೆಗಳಲ್ಲಿ

ಓದುಗ ಮಿತ್ರರೇ, ನಮ್ಮ ಮನೆಗಳಲ್ಲಿ ರೋಯಿಂಗ್ ದೋಣಿಗಳಿಲ್ಲ. ಆದರೆ ಗುರಿಗೆ ಬೆನ್ನು ಹಾಕಿ ಕುಳಿತ ಮಕ್ಕಳಿದ್ದಾರೆ. ನಾನಂತೂ ಓದಲಾಗಲಿಲ್ಲ, ನೀನಾದರೂ ಡಾಕ್ಟರಾಗಿ ಆ ನೆಂಟರ ಮುಂದೆ ತಲೆಯೆತ್ತಿ ನಡೆಯುವಂತೆ ಮಾಡು ಎನ್ನುವ ತಂದೆ. ನನ್ನನ್ನು ಆಡಿಕೊಂಡವರ ಬಾಯಿ ಮುಚ್ಚಿಸು ಮಗಳೇ ಎನ್ನುವ ತಾಯಿ. ಆ ಮಾತಿನ ಹಿಂದೆ ನಿಜವಾದ ನೋವಿದೆ ಎಂಬುದನ್ನು ನಾನು ಬಲ್ಲೆ. ಬಡತನದ ಅವಮಾನ ಕಂಡವರಿಗೇ ಗೊತ್ತು. ಆದರೆ ಹದಿನೈದು ವರ್ಷದ ಹುಡುಗಿ ಪರೀಕ್ಷೆಯ ಹಿಂದಿನ ರಾತ್ರಿ ಹೆದರುತ್ತಿರುವುದು ಪ್ರಶ್ನೆಪತ್ರಿಕೆಗೋ, ಅಥವಾ ತಾನೆಂದೂ ನೋಡದ ಆ ನೆಂಟರಿಗೋ?

ಇಂದು ರಾತ್ರಿ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ನಿಮ್ಮ ಮಗ ಅಥವಾ ಮಗಳು ನೀವು ಬಯಸಿದ್ದನ್ನೆಲ್ಲ ಗೆದ್ದು ಬಂದರು ಎಂದುಕೊಳ್ಳಿ. ಗೆದ್ದ ಮರುದಿನ ಬೆಳಿಗ್ಗೆ, ಹೊಗಳುವವರು ಯಾರೂ ಇಲ್ಲದಿದ್ದಾಗ, ಅವರು ಆ ಪುಸ್ತಕವನ್ನು, ಆ ಆಟವನ್ನು, ಆ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳುವರೇ? ಹೌದಾದರೆ ನೀವು ಅವರಿಗೆ ಕೊಟ್ಟದ್ದು ಕಸುಬು. ಅಬ್ಬಾ, ಮುಗಿಯಿತು ಎಂದು ಬಿಸುಟು ನಿಟ್ಟುಸಿರುಬಿಡುವರಾದರೆ, ನೀವು ಕೊಟ್ಟದ್ದು ಸಾಲ. ಸಾಲವನ್ನು ವಾಪಸ್ ಪಡೆಯಲು ಇನ್ನೂ ಕಾಲ ಮಿಂಚಿಲ್ಲ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ನೋವು ನನ್ನದು ಕಂದಾ, ಅದನ್ನು ನಾನೇ ನೋಡಿಕೊಳ್ಳುತ್ತೇನೆ, ನೀನು ನಿನ್ನ ದೋಣಿ ನಡೆಸು ಎಂದು ಹೇಳಿಬಿಡಿ. ಅದನ್ನು ಹೇಳುವುದಕ್ಕೆ ಗೆಲ್ಲುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು.

ಕಥೆಗೆ ಇನ್ನೊಂದು ತುದಿಯಿದೆ. 1981ರಲ್ಲಿ ಹೆನ್ಲಿಯ ಸ್ಪರ್ಧಾಕೂಟದಲ್ಲಿ ಬಹುಮಾನ ಹಂಚಲು ಒಬ್ಬ ಅತಿಥಿಯನ್ನು ಕರೆದಿದ್ದರು. ಬಂದಾಕೆ ಮೊನಾಕೊದ ರಾಜಕುಮಾರಿ ಗ್ರೇಸ್. ಗಾರೆ ಕೆಲಸದವನೆಂದು ಅಲ್ಲಿಂದ ಹೊರಗಿಡಲ್ಪಟ್ಟಿದ್ದ ಜ್ಯಾಕ್ ಕೆಲ್ಲಿಯ ಮಗಳು. ಇಂದು ಅಲ್ಲಿ ಮಹಿಳೆಯರ ನಾಲ್ವರ ದೋಣಿ ಸ್ಪರ್ಧೆಗೆ ಕೊಡುವ ಬಟ್ಟಲಿಗೆ ಆಕೆಯದೇ ಹೆಸರು. ಸೋಲಿಸಲು ಹೋದ ಮಗನಿಗಾಗಿ ಹೆನ್ಲಿಯ ಬಾಗಿಲು ಒಮ್ಮೆ ತೆರೆಯಿತು. ಬಹುಮಾನ ಕೊಡಲು ಹೋದ ಮಗಳಿಗಾಗಿ ಅದು ಮತ್ತೊಮ್ಮೆ ತೆರೆಯಿತು. ಎರಡನೆಯ ಸಲ ಯಾರೂ ಸೋಲಬೇಕಾಗಿರಲಿಲ್ಲ.